ಒಪ್ಪಂದಕ್ಕೆ ಸಹಿ ಬಿದ್ದ ಮೇಲೆ ಸಂಸತ್ತಿಗೆ ಸುದ್ದಿ

2011ರ ನವೆಂಬರ್‌ನಲ್ಲಿ ಮಾಲ್ದೀವ್ಸ್‌ನ ಅಡ್ಡು ದ್ವೀಪದಲ್ಲಿ ಸಾರ್ಕ್ ಶೃಂಗಸಭೆ ನಡೆಯಿತು. ದಕ್ಷಿಣ ಏಷ್ಯಾ ಮುಕ್ತ ವ್ಯಾಪಾರ ಒಪ್ಪಂದದಡಿ (ಸಾಫ್ಟಾ) ಭಾರತವು ಸುಂಕ ರಿಯಾಯಿತಿ ಕೊಡದೆ ಕಾದಿಟ್ಟುಕೊಂಡಿದ್ದ ಸರಕುಗಳ ಪಟ್ಟಿಯೊಂದಿತ್ತು. ತೀರ ಹಿಂದುಳಿದ ದೇಶಗಳ ಮಟ್ಟಿಗೆ ಆ ಪಟ್ಟಿ 480ರಿಂದ 25ಕ್ಕೆ ಇಳಿಯಲಿದೆ ಎಂದು ಪ್ರಧಾನಿ ಮನಮೋಹನ್ ಸಿಂಗ್ ಅಲ್ಲಿ ಘೋಷಿಸಿದರು. ಉಳಿದ 25ರಲ್ಲಿ ಹೆಚ್ಚಿನವು ಮದ್ಯ ಮತ್ತು ತಂಬಾಕಿನ ಬಾಬತ್ತು. ಆ ಹಿಂದುಳಿದ ದೇಶಗಳಲ್ಲಿ ಅಫ್ಗಾನಿಸ್ತಾನವೂ ಒಂದು. ಅದರ ಒಣಹಣ್ಣುಗಳಿಗೆ 2003ರ ದ್ವಿಪಕ್ಷೀಯ ಒಪ್ಪಂದದಲ್ಲೇ ರಿಯಾಯಿತಿ ಸಿಕ್ಕಿತ್ತು. ಈಗ ಬಾಗಿಲು ಪೂರ್ತಿ ತೆರೆಯಿತು. ಬೇರೆ ದೇಶಗಳ ಒಣದ್ರಾಕ್ಷಿಗೆ ಭಾರಿ ಸುಂಕ, ಕಂದಹಾರದ ಒಣದ್ರಾಕ್ಷಿಗೆ ಸುಂಕವೇ ಇಲ್ಲ.

ವಿಜಯಪುರ ಜಿಲ್ಲೆಯ ಟಿಕೋಟಾ, ಬಬಲೇಶ್ವರ, ಇಂಡಿ ಸೀಮೆಯಲ್ಲಿ ದ್ರಾಕ್ಷಿ ಪಡ ಕಟ್ಟಿದವರ ಜೀವನ ನಿಂತಿರುವುದು ಈ ಒಣದ್ರಾಕ್ಷಿಯ ಮೇಲೆ. ಅಕ್ಟೋಬರ್ ಹೊತ್ತಿಗೆ ಚಾಟ್ನಿ (ಬಳ್ಳಿ ಸವರುವುದು) ಮಾಡಿ, ಬೇಸಿಗೆ ಬರುತ್ತಿದ್ದಂತೆ ಗೊನೆ ಕಡಿದು, ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದಿ, ಶೆಡ್ಡಿನೊಳಗೆ ಅಂತಸ್ತು ಅಂತಸ್ತಾಗಿ ಬಿಗಿದ ಬಲೆಗಳ ಮೇಲೆ ಹರಡುತ್ತಾರೆ. ಸುಮಾರು ಎರಡು ವಾರ ನೆರಳಿನಲ್ಲಿ ಗಾಳಿಯಾಡಬೇಕು. ನಡುವೆ ಒಂದು ಅಕಾಲಿಕ ಮಳೆ ಬಂದರೆ ಹಸಿರು ಮಾಲು ಕಪ್ಪಾಗುತ್ತದೆ, ದರ ಅರ್ಧಕ್ಕೆ ಬೀಳುತ್ತದೆ. ದರ ಚೆನ್ನಾಗಿಲ್ಲದಿದ್ದರೆ ಪೆಟ್ಟಿಗೆಗಳು ಶೈತ್ಯಾಗಾರ ಸೇರುತ್ತವೆ, ಬಾಡಿಗೆಯ ಮೀಟರ್ ಓಡುತ್ತದೆ, ಔಷಧಿ ಅಂಗಡಿಯ ಉದ್ರಿ ಬೆಳೆಯುತ್ತದೆ. ವಿಜಯಪುರದ ಎಪಿಎಂಸಿಯಲ್ಲೋ ಮಹಾರಾಷ್ಟ್ರದ ತಾಸಗಾಂವದಲ್ಲೋ ಸವಾಲಿಗೆ ನಿಂತ ರೈತನಿಗೆ ಮಳೆ ಗೊತ್ತು, ದಲಾಲಿ ಗೊತ್ತು. ತನ್ನ ದರದ ಒಂದು ತುದಿ ಅಡ್ಡು ದ್ವೀಪದಲ್ಲಿ ಗಂಟು ಬಿದ್ದಿದೆ ಎಂಬುದು ಗೊತ್ತಿಲ್ಲ. ಅವನಿಗೆ ಮಾತ್ರವಲ್ಲ, ಅವನು ಆರಿಸಿ ಕಳಿಸಿದ ಸಂಸದರಿಗೂ ಆ ಗಂಟು ಹಾಕುವಾಗ ಯಾರೂ ಹೇಳಬೇಕಾಗಿರಲಿಲ್ಲ.

ಅಡ್ಡು ಘೋಷಣೆ ತಪ್ಪು ಎಂದು ನಾನು ಹೇಳುತ್ತಿಲ್ಲ. ಯುದ್ಧದಲ್ಲಿ ನಲುಗಿದ ದೇಶದ ದ್ರಾಕ್ಷಿ ಬೆಳೆಗಾರನಿಗೆ ಮಾರುಕಟ್ಟೆ ಕೊಡುವುದರಲ್ಲಿ ರಾಜತಾಂತ್ರಿಕ ವಿವೇಕವೂ ಇದೆ, ಮನುಷ್ಯತ್ವವೂ ಇದೆ. ನನ್ನ ತಕರಾರು ಬೇರೆ. ಈ ಔದಾರ್ಯದ ಬೆಲೆಯನ್ನು ಯಾವ ಜಿಲ್ಲೆ ತೆರುತ್ತದೆ, ಎಷ್ಟು ತೆರುತ್ತದೆ ಎಂಬ ಲೆಕ್ಕದ ಹಾಳೆಯೊಂದನ್ನು ಮೊದಲೇ ಸದನದ ಮುಂದೆ ಇಡುವ ಹೊಣೆ ನಮ್ಮ ವ್ಯವಸ್ಥೆಯಲ್ಲಿ ಯಾರ ಮೇಲೂ ಇಲ್ಲ.

ಸಂವಿಧಾನ ಏನು ಹೇಳುತ್ತದೆ ನೋಡೋಣ. ಏಳನೆಯ ಅನುಸೂಚಿಯ ಕೇಂದ್ರ ಪಟ್ಟಿಯಲ್ಲಿ 14ನೆಯ ನಮೂದು ವಿದೇಶಗಳೊಂದಿಗಿನ ಒಪ್ಪಂದಗಳದ್ದು. 41ನೆಯದು ವಿದೇಶ ವ್ಯಾಪಾರದ್ದು. ಸಂಸತ್ತಿಗೆ ಕಾನೂನು ಮಾಡುವ ಅಧಿಕಾರ ಇರುವ ವಿಷಯಗಳಲ್ಲಿ ಕೇಂದ್ರ ಸರ್ಕಾರಕ್ಕೆ ಕಾರ್ಯಾಂಗದ ಅಧಿಕಾರವೂ ಇದೆ ಎನ್ನುತ್ತದೆ 73ನೆಯ ವಿಧಿ. ಒಪ್ಪಂದ ಮಾಡಿಕೊಳ್ಳುವುದು ಹೇಗೆ ಎಂದು ಸಂಸತ್ತು ಈವರೆಗೆ ಕಾನೂನು ಮಾಡಿಲ್ಲವಾದ್ದರಿಂದ ಆ ಜಾಗವನ್ನು ಕಾರ್ಯಾಂಗವೇ ತುಂಬಿಕೊಂಡಿದೆ. 1960ರ ಬೇರೂಬಾರಿ ಪ್ರಕರಣದಲ್ಲಿ ನೆಲ ಬಿಟ್ಟುಕೊಡಬೇಕಾದರೆ ಸಂವಿಧಾನ ತಿದ್ದುಪಡಿಯೇ ಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿತು. 1969ರ ಮಗನ್‌ಭಾಯಿ ಪಟೇಲ್ ಪ್ರಕರಣದಲ್ಲಿ, ಪ್ರಜೆಗಳ ಹಕ್ಕಿಗೆ ಧಕ್ಕೆ ಬರುವ ಅಥವಾ ದೇಶದ ಕಾನೂನು ಬದಲಾಗುವ ಒಪ್ಪಂದಕ್ಕಷ್ಟೇ ಶಾಸನದ ಬೆಂಬಲ ಬೇಕು ಎಂಬ ಗೆರೆ ಎಳೆಯಿತು. ವ್ಯಾಪಾರ ಒಪ್ಪಂದಗಳು ಈ ಗೆರೆಯ ಆಚೆಗೆ ಜಾಣತನದಿಂದ ನಿಲ್ಲುತ್ತವೆ. ಸುಂಕ ಇಳಿಸಲು ಹೊಸ ಕಾನೂನು ಬೇಕಾಗಿಲ್ಲ. 1962ರ ಕಸ್ಟಮ್ಸ್ ಕಾಯ್ದೆಯ 25ನೆಯ ಸೆಕ್ಷನ್ನಿನಡಿ ಒಂದು ಅಧಿಸೂಚನೆ ಸಾಕು.

ಹಾಗೆ ನೋಡಿದರೆ ಸುಂಕ ಇಳಿಸಲು ಒಪ್ಪಂದವೂ ಬೇಕಿಲ್ಲ. ತೊಗರಿಯ ಆಮದು 2021ರ ಮೇ ತಿಂಗಳಲ್ಲಿ ಮುಕ್ತವಾಯಿತು, ಹಳದಿ ಬಟಾಣಿಗೆ 2023ರ ಡಿಸೆಂಬರ್‌ನಲ್ಲಿ ಸುಂಕ ತೆಗೆಯಲಾಯಿತು. ಎರಡರ ಬಿಸಿಯೂ ವಿಜಯಪುರದ ತೊಗರಿ ರೈತನಿಗೆ ತಟ್ಟಿದೆ, ಎರಡಕ್ಕೂ ಯಾವ ಕೂಟದ ಸದಸ್ಯತ್ವವೂ ಕಾರಣವಲ್ಲ. ಆದರೆ ವ್ಯತ್ಯಾಸ ದೊಡ್ಡದು. ತಾನೇ ಇಳಿಸಿದ ಸುಂಕವನ್ನು ಸರ್ಕಾರ ತಾನೇ ಏರಿಸಬಹುದು. ಖಾದ್ಯತೈಲದ ಸುಂಕವನ್ನು 2024ರ ಸೆಪ್ಟೆಂಬರ್‌ನಲ್ಲಿ ಏರಿಸಿ, 2025ರ ಮೇ ತಿಂಗಳಲ್ಲಿ ಮತ್ತೆ ಕಡಿಮೆ ಮಾಡಿದರು. ರೈತರ ಕೂಗಿಗೋ ಗ್ರಾಹಕರ ಕೂಗಿಗೋ ಸರ್ಕಾರ ಮಣಿಯುವ ದಾರಿ ಅಲ್ಲಿ ತೆರೆದಿರುತ್ತದೆ. ಒಪ್ಪಂದದಲ್ಲಿ ಬರೆದುಕೊಟ್ಟ ಸುಂಕವನ್ನು ಏರಿಸಬೇಕಾದರೆ ಎದುರು ದೇಶದ ಜೊತೆ ಮತ್ತೆ ಕೂತು ಮಾತಾಡಬೇಕು, ಪರಿಹಾರವಾಗಿ ಬೇರೇನಾದರೂ ಕೊಡಬೇಕು. ಮುಂದಿನ ಸರ್ಕಾರ, ಅದರ ಮುಂದಿನ ಸರ್ಕಾರ, ಎಲ್ಲವೂ ಅದಕ್ಕೆ ಬದ್ಧ. ಮೂರು ತಿಂಗಳಿಗೆ ಬದಲಾಗುವ ಅಧಿಸೂಚನೆಗಿಂತ ಮೂವತ್ತು ವರ್ಷ ಕಟ್ಟಿಹಾಕುವ ಸಹಿಗೆ ಹೆಚ್ಚು ಪರಿಶೀಲನೆ ಬೇಕಿತ್ತು. ನಮ್ಮಲ್ಲಿ ಎರಡಕ್ಕೂ ಒಂದೇ ಅಳತೆ.

ಕಟ್ಟಿಹಾಕುವುದು ಎಂದರೆ ಹೇಗೆ ಎಂಬುದಕ್ಕೆ ಬೆಳಗಾವಿ ಮತ್ತು ಬಾಗಲಕೋಟೆಯ ಕಬ್ಬೇ ಸಾಕ್ಷಿ. 2025ರ ನವೆಂಬರ್‌ನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ಕಬ್ಬು ಬೆಳೆಗಾರರು ಟನ್ನಿಗೆ 3,500 ರೂಪಾಯಿ ಕೇಳಿ ಕುಳಿತದ್ದು ಇನ್ನೂ ಹಸಿಯಾಗಿದೆ. ಆ ಹಂಗಾಮಿಗೆ ಕೇಂದ್ರ ನಿಗದಿ ಮಾಡಿದ ಎಫ್‌ಆರ್‌ಪಿ (ನ್ಯಾಯಯುತ ಮತ್ತು ಲಾಭದಾಯಕ ದರ) ಶೇ 10.25 ಸಕ್ಕರೆ ಇಳುವರಿಗೆ ಕ್ವಿಂಟಲ್‌ಗೆ 355 ರೂಪಾಯಿ. ಕಾರ್ಖಾನೆ ಮಾಲೀಕರು, ಜಿಲ್ಲಾಧಿಕಾರಿ, ಮುಖ್ಯಮಂತ್ರಿ, ದೆಹಲಿ: ಯಾರನ್ನು ಕೇಳಬೇಕು ಎಂಬುದು ಅಲ್ಲಿ ಕುಳಿತಿದ್ದವರಿಗೆ ಸ್ಪಷ್ಟವಾಗಿತ್ತು. ಇದೇ ಎಫ್‌ಆರ್‌ಪಿ ಜಿನೀವಾದಲ್ಲಿ ಆರೋಪಿ ಸ್ಥಾನದಲ್ಲಿ ನಿಂತಿತ್ತು ಎಂಬುದು ಎಷ್ಟು ಮಂದಿಗೆ ಗೊತ್ತು? ಬ್ರೆಜಿಲ್, ಆಸ್ಟ್ರೇಲಿಯಾ, ಗ್ವಾಟೆಮಾಲಾ 2019ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟವು. 2014–15ರಿಂದ 2018–19ರವರೆಗಿನ ಐದೂ ಹಂಗಾಮುಗಳಲ್ಲಿ ಭಾರತ ಕಬ್ಬಿಗೆ ಕೊಟ್ಟ ಬೆಂಬಲ ಬೆಳೆಯ ಒಟ್ಟು ಮೌಲ್ಯದ ಶೇ 10ರ ಮಿತಿಯನ್ನು ಮೀರಿದೆ ಎಂದು 2021ರ ಡಿಸೆಂಬರ್‌ನಲ್ಲಿ ಅಲ್ಲಿನ ಸಮಿತಿ ತೀರ್ಪು ಕೊಟ್ಟಿತು. ಭಾರತ ಮೇಲ್ಮನವಿ ಸಲ್ಲಿಸಿತು. ಮೇಲ್ಮನವಿ ಪೀಠದಲ್ಲಿ ಸದಸ್ಯರೇ ಇಲ್ಲದ್ದರಿಂದ ವಿಷಯ ಅಲ್ಲಿಯೇ ಕೂತಿದೆ. ಆ ಶೇ 10ರ ಮಿತಿಗೆ ಭಾರತ ಒಪ್ಪಿ ಸಹಿ ಹಾಕಿದ್ದು 1994ರ ಏಪ್ರಿಲ್‌ನಲ್ಲಿ, ಮೊರಾಕ್ಕೊದ ಮರಾಕೇಶ್‌ನಲ್ಲಿ.

ಮರಾಕೇಶ್‌ಗೂ ಮುಂಚೆ ಕರ್ನಾಟಕದ ರೈತರು ಸುಮ್ಮನೆ ಕೂತಿರಲಿಲ್ಲ. ಎಂ.ಡಿ. ನಂಜುಂಡಸ್ವಾಮಿಯವರ ನೇತೃತ್ವದ ರೈತ ಸಂಘ, ಮರಾಕೇಶ್ ಒಪ್ಪಂದಕ್ಕೆ ಆಧಾರವಾದ ಡಂಕೆಲ್ ಕರಡಿನ ವಿರುದ್ಧ ಹಳ್ಳಿ ಹಳ್ಳಿಗೆ ಹೋಯಿತು. 1992ರ ಡಿಸೆಂಬರ್‌ನಲ್ಲಿ ಬಹುರಾಷ್ಟ್ರೀಯ ಬೀಜ ಕಂಪನಿ ಕಾರ್ಗಿಲ್‌ನ ಬೆಂಗಳೂರು ಕಚೇರಿಗೆ ನುಗ್ಗಿದ್ದೂ ಆಗಲೇ. ಸಂಸತ್ತಿನಲ್ಲೂ ಅಪರೂಪದ ಘಟನೆ ನಡೆಯಿತು. ವಿಭಾಗವಾರು ಸ್ಥಾಯಿ ಸಮಿತಿಗಳು ಹುಟ್ಟಿದ 1993ರಲ್ಲೇ, ಐ.ಕೆ. ಗುಜ್ರಾಲ್ ಅಧ್ಯಕ್ಷತೆಯ ವಾಣಿಜ್ಯ ಸಮಿತಿ ಡಂಕೆಲ್ ಕರಡನ್ನು ಕೈಗೆತ್ತಿಕೊಂಡು ಸಹಿಗೆ ಮೊದಲೇ ವರದಿ ಕೊಟ್ಟಿತು. ಸರ್ಕಾರ ಅದರ ಮಾತನ್ನು ಕೇಳಬೇಕಾಗಿರಲಿಲ್ಲ. ಆದರೆ ಸಮಿತಿಗೆ ಮನಸ್ಸಿದ್ದರೆ ಇದು ಸಾಧ್ಯ ಎಂಬುದು ಮೂರು ದಶಕದ ಹಿಂದೆಯೇ ತೋರಿತ್ತು.

ಸದನವನ್ನು ಬದಿಗೆ ಸರಿಸಿದರೆ ಏನಾಗುತ್ತದೆ ಎಂಬುದನ್ನೂ ಅದೇ ಒಪ್ಪಂದ ತೋರಿಸಿತು. ಪೇಟೆಂಟ್ ಕಾಯ್ದೆ ಬದಲಿಸುವ ಬದ್ಧತೆಗಾಗಿ 1994ರ ಕೊನೆಯ ದಿನ ಸುಗ್ರೀವಾಜ್ಞೆ ಹೊರಟಿತು. ಮರುವರ್ಷ ಮಸೂದೆ ರಾಜ್ಯಸಭೆಯಲ್ಲಿ ಸಿಕ್ಕಿಕೊಂಡಿತು, ಸುಗ್ರೀವಾಜ್ಞೆ ಬಿದ್ದುಹೋಯಿತು. ಅಮೆರಿಕ ದೂರು ಕೊಟ್ಟಿತು, ಭಾರತ ಸೋತಿತು, ಕಾಯ್ದೆ ತಿದ್ದುಪಡಿಯಾಗುವಷ್ಟರಲ್ಲಿ 1999 ಬಂದಿತ್ತು. ಸಂಸತ್ತನ್ನು ಕೇಳುತ್ತ ಕೂತರೆ ಕೆಲಸ ತಡವಾಗುತ್ತದೆ ಎನ್ನುವವರು ಈ ಐದು ವರ್ಷಗಳ ಲೆಕ್ಕ ಹಾಕಬೇಕು.

ಆರ್‌ಸಿಇಪಿ ಎಂಬ ಏಷ್ಯಾ-ಪೆಸಿಫಿಕ್ ವ್ಯಾಪಾರ ಕೂಟದ ವಿಚಾರದಲ್ಲಿ ನಮ್ಮ ಕಡೆಯವರಿಗೆ ಒಂದು ಗೆಲುವಿನ ನೆನಪಿದೆ. 2012ರ ನವೆಂಬರ್‌ನಲ್ಲಿ ನೋಮ್ ಪೆನ್‌ನಲ್ಲಿ ಶುರುವಾದ ಮಾತುಕತೆ ಏಳು ವರ್ಷ ನಡೆಯಿತು. ನ್ಯೂಜಿಲೆಂಡ್, ಆಸ್ಟ್ರೇಲಿಯಾದ ಹಾಲಿನ ಪುಡಿ ಬಂದರೆ ಇಲ್ಲಿನ ಹಾಲು ಉತ್ಪಾದಕರ ಸಂಘಗಳ ಗತಿ ಏನು ಎಂಬ ಭಯ ಹಳ್ಳಿಯ ಡೇರಿಯವರೆಗೂ ತಲುಪಿತ್ತು. 2019ರ ನವೆಂಬರ್ 4ರಂದು ಬ್ಯಾಂಕಾಕ್‌ನಲ್ಲಿ ಭಾರತ ಕೂಟದಿಂದ ಹೊರನಡೆಯಿತು. ಉಳಿದ 15 ದೇಶಗಳು ಮರುವರ್ಷ ಸಹಿ ಹಾಕಿದವು. ಇಲ್ಲಿ ಎಲ್ಲರೂ ನಿಟ್ಟುಸಿರು ಬಿಟ್ಟರು, ವಿರೋಧಿಸಿದವರೆಲ್ಲ ಶ್ರೇಯಸ್ಸು ಹಂಚಿಕೊಂಡರು. ಆ ಸಂಭ್ರಮದಲ್ಲಿ ಒಂದು ಮಾತು ಮರೆತುಹೋಯಿತು. ಒಳಗೆ ಹೋಗುವುದನ್ನು ತೀರ್ಮಾನಿಸಿದ ಕೋಣೆಯಲ್ಲೇ ಹೊರಗೆ ಬರುವುದೂ ತೀರ್ಮಾನವಾಯಿತು. ಪ್ರಧಾನಿ ಬ್ಯಾಂಕಾಕ್‌ನಲ್ಲಿ ಸರಿ ಎಂದಿದ್ದರೆ ಅದೂ ಅಷ್ಟೇ ಸಲೀಸಾಗಿ ಆಗುತ್ತಿತ್ತು. ನಮಗೆ ಒಳ್ಳೆಯ ಉತ್ತರ ಸಿಕ್ಕಿತು ಎಂದ ಮಾತ್ರಕ್ಕೆ ನಮ್ಮನ್ನು ಯಾರಾದರೂ ಕೇಳಿದ್ದರು ಎಂದಾಗುವುದಿಲ್ಲ.

ಕೇಳುವ ದೇಶಗಳಲ್ಲಿ ಹೇಗೆ ಕೇಳುತ್ತಾರೆ? ಬ್ರಿಟನ್ನಿನ ಉದಾಹರಣೆ ಇತ್ತೀಚಿನದು, ಅದರಲ್ಲಿ ಮೆಚ್ಚುವಂಥದ್ದೂ ನಗುವಂಥದ್ದೂ ಇದೆ. ಜಪಾನ್, ಕೆನಡಾ, ವಿಯೆಟ್ನಾಂ, ಮಲೇಷ್ಯಾ ಮೊದಲಾದ 11 ದೇಶಗಳ ಸಿಪಿಟಿಪಿಪಿ ಎಂಬ ಪೆಸಿಫಿಕ್ ವ್ಯಾಪಾರ ಕೂಟ ಸೇರಲು ಐರೋಪ್ಯ ಒಕ್ಕೂಟ ಬಿಟ್ಟ ಬ್ರಿಟನ್ 2021ರ ಫೆಬ್ರುವರಿಯಲ್ಲಿ ಅರ್ಜಿ ಹಾಕಿತು. 2023ರ ಮಾರ್ಚ್ ಕೊನೆಗೆ ಮಾತುಕತೆ ಮುಗಿಯಿತು, ಜುಲೈಯಲ್ಲಿ ಆಕ್ಲೆಂಡ್‌ನಲ್ಲಿ ಸಹಿಯಾಯಿತು, 2024ರ ಡಿಸೆಂಬರ್ 15ರಂದು ಜಾರಿಗೆ ಬಂತು. ಅಲ್ಲಿ 2010ರ ಕಾಯ್ದೆಯ ಪ್ರಕಾರ, ಸಹಿಯಾದ ಒಪ್ಪಂದವನ್ನು ಅನುಮೋದಿಸುವ ಮೊದಲು 21 ಅಧಿವೇಶನ ದಿನಗಳ ಕಾಲ ಸಂಸತ್ತಿನ ಮುಂದೆ ಇಡಲೇಬೇಕು. ಅಷ್ಟರೊಳಗೆ ಕಾಮನ್ಸ್ ಸಭೆ ಬೇಡ ಎಂದು ನಿರ್ಣಯಿಸಿದರೆ ಅನುಮೋದನೆ ಮುಂದಕ್ಕೆ ಹೋಗುತ್ತದೆ. ಲಾರ್ಡ್ಸ್ ಸಭೆಯಲ್ಲಿ ಅಂತರರಾಷ್ಟ್ರೀಯ ಒಪ್ಪಂದಗಳಿಗೆಂದೇ ಒಂದು ಸಮಿತಿ ಇದೆ. ಆಹಾರ, ಪಶು, ಪರಿಸರದ ಮಾನದಂಡಗಳಿಗೆ ಒಪ್ಪಂದದಿಂದ ಧಕ್ಕೆಯಿದೆಯೇ ಎಂದು ಸರ್ಕಾರ ಸಂಸತ್ತಿಗೆ ವರದಿ ಕೊಡಬೇಕು. ಅದಕ್ಕೂ ಮುನ್ನ ವ್ಯಾಪಾರ ಮತ್ತು ಕೃಷಿ ಆಯೋಗದ ಸಲಹೆ ಪಡೆಯಬೇಕು. ಮಲೇಷ್ಯಾದ ತಾಳೆಎಣ್ಣೆಯ ಸುಂಕ ಹೋದರೆ ಕಾಡು ಏನಾಗುತ್ತದೆ ಎಂಬ ಚರ್ಚೆ ಎದ್ದಾಗ ಉತ್ತರ ಕೊಡಬೇಕಾದ ಜಾಗವೊಂದು ಇತ್ತು. ಕೂಟ ಸೇರುವುದರಿಂದ ದೇಶದ ಒಟ್ಟು ಉತ್ಪನ್ನಕ್ಕೆ ಸಿಗುವ ಲಾಭ ದೀರ್ಘಾವಧಿಯಲ್ಲೂ ಶೇ 0.1ಕ್ಕಿಂತ ಕಡಿಮೆ ಎಂದು ಸರ್ಕಾರವೇ ಅಂದಾಜಿಸಿ ಪ್ರಕಟಿಸಿತು. ತನ್ನ ಹೆಗ್ಗಳಿಕೆಯ ಗಾಳಿ ತೆಗೆಯುವ ಅಂಕಿಯನ್ನು ತಾನೇ ಅಚ್ಚು ಹಾಕಿಸುವುದು ಸಣ್ಣ ಸಂಗತಿಯಲ್ಲ.

ನಗುವಂಥದ್ದು ಮುಂದಿದೆ. ಮಾತುಕತೆ ಮುಗಿದು ತಿಂಗಳು ತುಂಬುವಷ್ಟರಲ್ಲಿ, ಅಂದರೆ 2023ರ ಏಪ್ರಿಲ್‌ನಲ್ಲಿ, ಕಾಮನ್ಸ್ ಸಭೆಯ ಅಂತರರಾಷ್ಟ್ರೀಯ ವ್ಯಾಪಾರ ಸಮಿತಿಯನ್ನೇ ರದ್ದು ಮಾಡಿ ಬೇರೊಂದು ಸಮಿತಿಯ ಜೊತೆ ಸೇರಿಸಿದರು. ಸಂಸತ್ತಿನಲ್ಲಿ ಪಾಸಾದ ಮಸೂದೆಯಾದರೂ ಒಪ್ಪಂದದ ಅಂಚನ್ನಷ್ಟೇ ಮುಟ್ಟುತ್ತಿತ್ತು: ಸರ್ಕಾರಿ ಖರೀದಿ, ಬೌದ್ಧಿಕ ಆಸ್ತಿ, ಉತ್ಪನ್ನ ಪರೀಕ್ಷೆಯ ಪ್ರಮಾಣಪತ್ರ. ಇಡೀ ಒಪ್ಪಂದಕ್ಕೆ ಹೌದೋ ಅಲ್ಲವೋ ಎಂಬ ಮತದಾನ ನಡೆಯಲಿಲ್ಲ. 21 ದಿನಗಳ ಲೆಕ್ಕವೂ ಸಹಿ ಬಿದ್ದ ಮೇಲೆ ಶುರುವಾಗುವಂಥದ್ದು. ಮದುವೆ ಮುಗಿಸಿ ಲಗ್ನಪತ್ರಿಕೆ ಹಂಚಿದಂತೆ. ಅಕ್ಷರ ಬದಲಿಸುವ ಹಂತ ಆಗಲೇ ದಾಟಿರುತ್ತದೆ.

ಆಸ್ಟ್ರೇಲಿಯಾದ ಕ್ರಮ ಇದಕ್ಕಿಂತ ಅಚ್ಚುಕಟ್ಟು. ಅದು ನಮಗೆ ನೇರವಾಗಿ ಸಂಬಂಧಿಸಿದ್ದೂ ಹೌದು. 1996ರಿಂದ ಅಲ್ಲಿ ಒಪ್ಪಂದಗಳಿಗಾಗಿ ಉಭಯ ಸದನಗಳ ಜಂಟಿ ಸ್ಥಾಯಿ ಸಮಿತಿಯಿದೆ. ಪ್ರತಿ ಒಪ್ಪಂದದ ಜೊತೆ ಅದರಿಂದ ದೇಶಕ್ಕೇನು ಹಿತ ಎಂಬ ವಿಶ್ಲೇಷಣೆಯನ್ನು ಸರ್ಕಾರ ಮಂಡಿಸಬೇಕು. ಸಮಿತಿ ರೈತ ಸಂಘಟನೆಗಳನ್ನು, ಉದ್ಯಮಗಳನ್ನು, ಕಾರ್ಮಿಕ ಸಂಘಗಳನ್ನು ಕರೆದು ಕೇಳುತ್ತದೆ. 2022ರ ಏಪ್ರಿಲ್ 2ರಂದು ಭಾರತ ಮತ್ತು ಆಸ್ಟ್ರೇಲಿಯಾ ಆರ್ಥಿಕ ಸಹಕಾರ ಒಪ್ಪಂದಕ್ಕೆ ಸಹಿ ಹಾಕಿದವು. ಅಲ್ಲಿ ಸಮಿತಿ ವಿಚಾರಣೆ ನಡೆಸಿ ವರದಿ ಕೊಟ್ಟಿತು, ನವೆಂಬರ್ 22ರಂದು ಅವರ ಸಂಸತ್ತು ಜಾರಿ ಮಸೂದೆಗಳನ್ನು ಪಾಸು ಮಾಡಿತು, ನಮ್ಮ ವಾಣಿಜ್ಯ ಸಚಿವರು ಅದನ್ನು ಸಂತೋಷದಿಂದ ಸ್ವಾಗತಿಸಿದರು. ಡಿಸೆಂಬರ್ 29ರಂದು ಒಪ್ಪಂದ ಜಾರಿಗೆ ಬಂತು. ನಮ್ಮ ಸಂಸತ್ತಿನಲ್ಲಿ ಅದು ಮತಕ್ಕೆ ಬರಲೇ ಇಲ್ಲ. ಆಸ್ಟ್ರೇಲಿಯಾದ ವೈನ್‌ಗೆ ಭಾರತ ಹಂತಹಂತವಾಗಿ ಸುಂಕ ಇಳಿಸುವುದು ಆ ಒಪ್ಪಂದದ ಒಂದು ಅಂಶ. ಬಾಟಲಿಗೆ 15 ಡಾಲರ್ ಮೀರಿದ ವೈನ್‌ಗೆ ಶೇ 150ರಷ್ಟಿದ್ದದ್ದು ಮೊದಲ ದಿನವೇ 75ಕ್ಕೆ ಬಂತು, ಕೊನೆಗೆ 25ಕ್ಕೆ ನಿಲ್ಲಲಿದೆ. ಇದರ ಬಗ್ಗೆ ಅವರ ದ್ರಾಕ್ಷಿ ಬೆಳೆಗಾರನಿಗೆ ತನ್ನ ಸಂಸತ್ತಿನ ಸಮಿತಿಯ ಮುಂದೆ ಮಾತಾಡುವ ಅವಕಾಶವಿತ್ತು. ಆ ಸಮಿತಿ ಒಪ್ಪಂದ ಬೇಡ ಎಂದು ಹೇಳುವುದು ತೀರ ಅಪರೂಪ, ಆಳುವ ಪಕ್ಷದವರೇ ಅಲ್ಲಿ ಹೆಚ್ಚು. ಆದರೂ ಸಾಕ್ಷ್ಯ ದಾಖಲಾಗುತ್ತದೆ, ಸರ್ಕಾರದ ಲೆಕ್ಕಾಚಾರ ಅಚ್ಚಾಗಿ ಸಿಗುತ್ತದೆ, ಐದು ವರ್ಷದ ಮೇಲೆ ಅದನ್ನು ತೆಗೆದು ತಾಳೆ ನೋಡಬಹುದು.

ಇನ್ನೊಂದು ಕಥೆ ರಾಜ್ಯಗಳಿಗೆ ಸಂಬಂಧಿಸಿದ್ದು. 2016ರ ಅಕ್ಟೋಬರ್‌ನಲ್ಲಿ ಐರೋಪ್ಯ ಒಕ್ಕೂಟ ಮತ್ತು ಕೆನಡಾದ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕುವ ಮುಹೂರ್ತ ನಿಗದಿಯಾಗಿತ್ತು. ಬೆಲ್ಜಿಯಂನ ವಲೋನಿಯಾ ಪ್ರಾಂತ್ಯದ ಶಾಸನಸಭೆ ಒಪ್ಪಲಿಲ್ಲ. ರೈತರ ಹಿತ, ಹೂಡಿಕೆದಾರರು ಸರ್ಕಾರದ ಮೇಲೆ ದಾವೆ ಹೂಡುವ ವ್ಯವಸ್ಥೆ ಇವೆಲ್ಲ ಅವರ ತಕರಾರು. ಮುಹೂರ್ತ ತಪ್ಪಿತು. ವಿವರಣೆಯ ಪತ್ರಗಳು ಸೇರಿಸಲ್ಪಟ್ಟ ಮೇಲೆ ಅಕ್ಟೋಬರ್ 30ರಂದು ಸಹಿಯಾಯಿತು. ವಲೋನಿಯಾದ ಜನಸಂಖ್ಯೆ ಆಗ ಸುಮಾರು 36 ಲಕ್ಷ. ನಮ್ಮ ಬೆಳಗಾವಿ ಜಿಲ್ಲೆಯೊಂದರದ್ದೇ 2011ರ ಜನಗಣತಿಯಲ್ಲಿ 47 ಲಕ್ಷ ದಾಟಿತ್ತು. ಒಂದು ಪ್ರಾಂತ್ಯ ಇಡೀ ಖಂಡವನ್ನು ತಡೆದು ನಿಲ್ಲಿಸುವುದು ಸರಿಯೇ ಎಂದು ಕೇಳಿದರೆ ನನಗೂ ಅನುಮಾನವಿದೆ. ಅಂಥ ತಡೆಯಾಜ್ಞೆ ನಮ್ಮ ರಾಜ್ಯಗಳ ಕೈಗೆ ಬಂದರೆ ಯಾವ ಒಪ್ಪಂದವೂ ಮುಗಿಯದು. ಆದರೆ ತಡೆಯುವ ಅಧಿಕಾರಕ್ಕೂ ಕೇಳಿಸಿಕೊಳ್ಳುವ ಸೌಜನ್ಯಕ್ಕೂ ನಡುವೆ ಸಾಕಷ್ಟು ಜಾಗವಿದೆ. ಕೃಷಿ ರಾಜ್ಯ ಪಟ್ಟಿಯ ವಿಷಯ. 2009ರಲ್ಲಿ ಆಗ್ನೇಯ ಏಷ್ಯಾ ದೇಶಗಳ ಕೂಟವಾದ ಆಸಿಯಾನ್ ಜೊತೆಗಿನ ಒಪ್ಪಂದವನ್ನು ಕೇರಳ ಸರ್ಕಾರ ತೆಂಗು, ರಬ್ಬರ್, ಕಾಳುಮೆಣಸಿನ ಹೆಸರೆತ್ತಿ ಬಹಿರಂಗವಾಗಿ ವಿರೋಧಿಸಿತು. ಆಗಸ್ಟ್‌ನಲ್ಲಿ ಸಹಿಯಾಯಿತು, 2010ರ ಮೊದಲ ದಿನ ಜಾರಿಗೆ ಬಂತು. ಕರ್ನಾಟಕದವರೇ ಆದ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯ ಅವರ ಅಧ್ಯಕ್ಷತೆಯ ಸಂವಿಧಾನ ಪರಾಮರ್ಶೆ ಆಯೋಗ 2002ರಲ್ಲೇ ಇದಕ್ಕೆ ದಾರಿ ಸೂಚಿಸಿತ್ತು: ರಾಜ್ಯ ಪಟ್ಟಿಯ ವಿಷಯಗಳಲ್ಲಿ ರಾಜ್ಯಗಳ ಹಿತಕ್ಕೆ ಗಾಢವಾಗಿ ತಟ್ಟುವ ಒಪ್ಪಂದಗಳ ಬಗ್ಗೆ ಸಹಿಗೆ ಮುನ್ನ ಅಂತರರಾಜ್ಯ ಪರಿಷತ್ತಿನಲ್ಲಿ ಸಮಾಲೋಚನೆ ನಡೆಸುವುದನ್ನು ಪರಿಗಣಿಸಬೇಕು. ವರದಿ ಕಪಾಟಿನಲ್ಲಿದೆ. ಬೆಳಗಾವಿಯ ಸುವರ್ಣ ವಿಧಾನಸೌಧದ ಚಳಿಗಾಲದ ಅಧಿವೇಶನಗಳಲ್ಲಿ ಕಬ್ಬಿನ ಬಾಕಿ, ಮಹದಾಯಿ, ಗಡಿ ಎಲ್ಲದರ ಮೇಲೂ ಗದ್ದಲ ಕೇಳಿದ್ದೇವೆ. ಯಾವುದೇ ವ್ಯಾಪಾರ ಒಪ್ಪಂದದ ಸುಂಕದ ಪಟ್ಟಿಯನ್ನು ಸಾಲು ಸಾಲಾಗಿ ಓದಿ ಚರ್ಚಿಸಿದ್ದನ್ನು ನಾನು ಕೇಳಿಲ್ಲ.

ಗೋಪ್ಯತೆಯ ವಾದಕ್ಕೆ ತೂಕವಿದೆ. ಎಲ್ಲಿಯವರೆಗೆ ಬಗ್ಗಬಹುದು ಎಂಬುದನ್ನು ಮೊದಲೇ ಬಯಲು ಮಾಡಿದರೆ ಎದುರಿನವರು ಅಲ್ಲಿಯವರೆಗೂ ಬಗ್ಗಿಸಿಯೇ ಬಿಡುತ್ತಾರೆ. ಹಾಗಾಗಿ ಮಾತುಕತೆಯ ಮೇಜಿಗೆ ಸಂಸದರನ್ನು ಕರೆಯಿರಿ ಎಂದು ಯಾರೂ ಕೇಳುತ್ತಿಲ್ಲ. ಕೇಳುತ್ತಿರುವುದು ಇಷ್ಟೇ: ಶುರುವಿಗೆ ಮುನ್ನ ಯಾವ ಬೆಳೆ, ಯಾವ ಕಸುಬು ಮುಟ್ಟಬಾರದು ಎಂಬ ವಿಶಾಲ ಸೂಚನೆ. ಮುಗಿದ ಮೇಲೆ, ಅನುಮೋದನೆಗೆ ಮುನ್ನ, ಪಠ್ಯದ ವಿಚಾರಣೆ. ಈ ಎರಡು ಹಂತಗಳಲ್ಲಿ ಗುಟ್ಟು ರಟ್ಟಾಗುವುದೇನೂ ಇಲ್ಲ.

ವಿಚಾರಣೆ ನಡೆದರೆ ಸೋಲುವವರ ಅಳು ಮಾತ್ರ ಕೇಳಿಸುತ್ತದೆ ಎಂದುಕೊಳ್ಳುವುದು ತಪ್ಪು. ಒಪ್ಪಂದಗಳಿಂದ ಗಳಿಸಬಹುದಾದವರೂ ಬೆಳಗಾವಿ, ಬಾಗಲಕೋಟೆ, ವಿಜಯಪುರ ಈ ಮೂರು ಜಿಲ್ಲೆಗಳಲ್ಲಿದ್ದಾರೆ. ಬೆಳಗಾವಿಯ ಫೌಂಡ್ರಿಗಳಿವೆ, ಹತ್ತರಗಿಯಲ್ಲಿ ವಿಮಾನದ ಬಿಡಿಭಾಗ ಮಾಡುವ ವಿಶೇಷ ಆರ್ಥಿಕ ವಲಯವಿದೆ, ಬಾಗಲಕೋಟೆಯ ದಾಳಿಂಬೆ ಇದೆ. ಹಣ್ಣಿನ ವಿಚಾರದಲ್ಲಿ ಸುಂಕಕ್ಕಿಂತ ದೊಡ್ಡ ಗೋಡೆ ಬೇರೆ. 2010ರಲ್ಲಿ ಯುರೋಪಿಗೆ ಹೋದ ಭಾರತದ ದ್ರಾಕ್ಷಿ ಕಂಟೇನರ್‌ಗಳು ಸಿಕ್ಕಿಬಿದ್ದದ್ದು ಸುಂಕಕ್ಕಲ್ಲ, ಕ್ಲೋರ್ಮೆಕ್ವಾಟ್ ಎಂಬ ಬೆಳವಣಿಗೆ ನಿಯಂತ್ರಕದ ಅಂಶ ಉಳಿದಿತ್ತು ಎಂಬುದಕ್ಕೆ. ನಮ್ಮ ಪಡಗಳಲ್ಲಿ ಅದನ್ನು ಸಿಂಪಡಿಸುವುದು ಮಾಮೂಲಿಯಾಗಿತ್ತು. ಬೆಳೆದವನ ಸಾಲ ಅಲ್ಲಿಗೆ ನಿಂತಿತು. ಹಾಗಾಗಿ ಸುಂಕ ಸೊನ್ನೆಯಾಯಿತು ಎಂಬ ಪತ್ರಿಕಾ ಪ್ರಕಟಣೆಯಿಂದ ದಾಳಿಂಬೆ ಬೆಳೆಗಾರ ಕುಣಿಯಬೇಕಿಲ್ಲ. ಉಳಿಕೆ ಔಷಧದ ಮಿತಿ ಎಷ್ಟು, ಪರೀಕ್ಷೆ ಎಲ್ಲಿ, ಹಣ್ಣುನೊಣದ ತಪಾಸಣೆಗೆ ಯಾರ ಪ್ರಮಾಣಪತ್ರ ನಡೆಯುತ್ತದೆ ಎಂಬ ಅನುಬಂಧಗಳಲ್ಲಿ ಅವನ ಲಾಭ ಅಡಗಿದೆ. ಅವನ್ನು ಕೇಳಿ ತಿಳಿಯುವ ಜಾಗ ಸಮಿತಿಯ ಕೋಣೆಯೇ ಹೊರತು ಶೃಂಗಸಭೆಯ ವೇದಿಕೆಯಲ್ಲ.

ಒಣದ್ರಾಕ್ಷಿಯ ವಿಷಯದಲ್ಲೂ ಇಂಥದೇ ಅನುಬಂಧವೊಂದಿದೆ: ಸರಕಿನ ಮೂಲದೇಶದ ನಿಯಮ. ಚೀನಾದ ಮಾಲು ಅಫ್ಗಾನಿಸ್ತಾನದ ಕಾಗದ ಹೊತ್ತು ಸುಂಕವಿಲ್ಲದೆ ಒಳಬರುತ್ತಿದೆ ಎಂಬುದು ಬೆಳೆಗಾರರ ದೂರು. 2020ರಲ್ಲಿ ಕಸ್ಟಮ್ಸ್ ಕಾಯ್ದೆಗೆ 28ಡಿಎ ಸೆಕ್ಷನ್ ಸೇರಿತು. ರಿಯಾಯಿತಿ ಬಯಸುವ ಆಮದುದಾರ ಸರಕು ಎಲ್ಲಿಯದೆಂಬ ಪೂರ್ತಿ ಮಾಹಿತಿ ಇಟ್ಟುಕೊಂಡಿರಬೇಕು, ಬರೀ ಪ್ರಮಾಣಪತ್ರ ಸಾಲದು. ಅನುಮಾನ ಬಂದರೆ ಅಧಿಕಾರಿ ಆ ದೇಶಕ್ಕೇ ಬರೆದು ಪರಿಶೀಲನೆ ಕೇಳಬಹುದು. ಕಾಗದದ ಮೇಲೆ ಬಲವಾದ ನಿಯಮ. ಕಾಬೂಲಿನ ಈಗಿನ ಆಡಳಿತಕ್ಕೆ ಪತ್ರ ಬರೆದರೆ ಉತ್ತರ ಹೇಗೆ ಬರುತ್ತದೆ ಎಂಬುದು ಬೇರೆ ಮಾತು.

ಸಂವಿಧಾನ ತಿದ್ದದೆಯೇ ಮಾಡಬಹುದಾದದ್ದು ಏನೂ ಇಲ್ಲವೇ? ಇದೆ. ಸದನದಲ್ಲಿ ಮಂಡಿಸಿದ ದೀರ್ಘಾವಧಿಯ ರಾಷ್ಟ್ರೀಯ ನೀತಿ ದಾಖಲೆಗಳನ್ನು ಸ್ಪೀಕರ್ ಅಥವಾ ಸಭಾಪತಿ ಸ್ಥಾಯಿ ಸಮಿತಿಗೆ ಒಪ್ಪಿಸಲು ಈಗಿನ ನಿಯಮದಲ್ಲೇ ಅವಕಾಶವಿದೆ. 31 ಸದಸ್ಯರ ವಾಣಿಜ್ಯ ಸಮಿತಿಗೆ ಒಪ್ಪಂದದ ಪಠ್ಯ ಹೀಗೆ ಹೋಗಬಹುದು. ಸರ್ಕಾರ ಅದನ್ನು ಮಂಡಿಸಲು ಮನಸ್ಸು ಮಾಡಬೇಕಷ್ಟೇ. ಮನಸ್ಸು ಮಾಡದಿದ್ದರೂ ಇನ್ನೊಂದು ಕಿಂಡಿ ಉಳಿದಿದೆ. ಕಸ್ಟಮ್ಸ್ ಕಾಯ್ದೆಯ 159ನೆಯ ಸೆಕ್ಷನ್ನಿನಂತೆ 25ನೆಯ ಸೆಕ್ಷನ್ನಿನ ಅಧಿಸೂಚನೆಗಳು ಉಭಯ ಸದನಗಳ ಮೇಜಿನ ಮೇಲೆ 30 ದಿನ ಇರಬೇಕು. ಎರಡೂ ಸದನ ಒಪ್ಪಿದರೆ ಅವನ್ನು ತಿದ್ದಬಹುದು, ರದ್ದೂ ಮಾಡಬಹುದು. ಬಹುಮತ ಸರ್ಕಾರದ ಬಳಿಯೇ ಇರುವಾಗ ರದ್ದಾಗುವ ಮಾತು ದೂರ. ಆದರೆ ತಿದ್ದುಪಡಿ ಸೂಚನೆ ಕೊಟ್ಟರೆ ಸಚಿವಾಲಯ ಉತ್ತರ ಸಿದ್ಧ ಮಾಡಲೇಬೇಕಾಗುತ್ತದೆ. ಈ ಮೂರು ಜಿಲ್ಲೆಗಳಲ್ಲಿ ಬೆಳಗಾವಿ, ಚಿಕ್ಕೋಡಿ, ಬಾಗಲಕೋಟೆ, ವಿಜಯಪುರ ಎಂಬ ನಾಲ್ಕು ಲೋಕಸಭಾ ಕ್ಷೇತ್ರಗಳಿವೆ. ಸಾಫ್ಟಾದಡಿ ಬಂದ ಒಣದ್ರಾಕ್ಷಿಯಲ್ಲಿ ಎಷ್ಟು ರವಾನೆಗಳ ಮೂಲವನ್ನು 28ಡಿಎ ಅಡಿ ಪರಿಶೀಲನೆಗೆ ಕಳಿಸಲಾಗಿದೆ, ಎಷ್ಟಕ್ಕೆ ಉತ್ತರ ಬಂದಿದೆ, ಎಷ್ಟಕ್ಕೆ ರಿಯಾಯಿತಿ ನಿರಾಕರಿಸಲಾಗಿದೆ ಎಂಬ ಪ್ರಶ್ನೆಯನ್ನು ಆ ಕ್ಷೇತ್ರಗಳ ಸಂಸದರಲ್ಲಿ ಯಾರಾದರೊಬ್ಬರು ಮುಂದಿನ ಅಧಿವೇಶನದಲ್ಲೇ ಕೇಳಬಹುದು.